ರಚನೆ: ಜನಪದ

ಈ ಸಲ ಯುಗಾದಿಗೆ ಊರಿಗೆ ಹೋಗಿದ್ದಾಗ ಚಿಕ್ಕಪ್ಪನ ಮಗ ಒಂದು ವಿಡಿಯೋ ತೋರಿಸಿದ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದವನು, ಕೆಲಸ ಸಿಗುವವರೆಗೆ ಎಂದು ಗಿಟಾರ್ ಹಿಡಿದವನು ಕೆಲಸ ಸಿಕ್ಕ ಮೇಲೂ ಅದನ್ನು ಬಿಟ್ಟಿಲ್ಲ. ವಿಡಿಯೋದಲ್ಲಿ ಅವನು ನಮ್ಮ ಮನೆಯ ಹಿಂದಿನ ಕಣದಲ್ಲಿ ಕುಳಿತು ಒಂದು ಪದ ಹಾಡುತ್ತಾನೆ. ಚೆನ್ನಾಗಿಯೇ ಹಾಡುತ್ತಾನೆ. ಸಾವಿರಾರು ಜನ ನೋಡಿದ್ದರು. ಬೆಂಗಳೂರಿನಲ್ಲಿರುವ ಯಾರೋ ‘ಅಮ್ಮನ ನೆನಪಾಯ್ತು’ ಎಂದು ಬರೆದಿದ್ದರು. ಆ ಪದ ನನಗೆ ಗೊತ್ತಿತ್ತು. ಮೂರು ವರ್ಷದ ಹಿಂದೆ ಪಿಎಚ್.ಡಿ. ಕ್ಷೇತ್ರಕಾರ್ಯಕ್ಕೆಂದು ನಾನೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡದ್ದು ಅದು. ಕೇಳು ಎಂದು ಅವನಿಗೆ ಕಳಿಸಿದ್ದೂ ನಾನೇ.

ಹಾಡಿದ ಅಜ್ಜಿ ಇರುವುದು ನಮ್ಮ ಬೀದಿಯಿಂದ ಎರಡು ಬೀದಿ ಆಚೆ. ನನ್ನ ಸ್ವಂತ ಅಜ್ಜಿಯಲ್ಲ. ಮಂಡಿ ನೋವು ಬರುವ ತನಕ ನಮ್ಮ ಗದ್ದೆಗೆ ನಾಟಿ ಹಾಕಲು ಬರುತ್ತಿದ್ದವರು. ಹಬ್ಬದ ಮಾರನೇ ದಿನ ಅವರೇ ನಮ್ಮ ಜಗಲಿಗೆ ಬಂದು ಕೂತಾಗ ತಮ್ಮ ಉತ್ಸಾಹದಿಂದ ಫೋನನ್ನು ಅವರ ಕಿವಿಯ ಹತ್ತಿರ ಹಿಡಿದ. ಅಜ್ಜಿ ಪೂರ್ತಿ ಕೇಳಿದರು. ಆಮೇಲೆ, “ಇದ್ಯಾವ ಪದ್ವಲಾ?” ಎಂದರು.

“ನಿಂದೇ ಕಣಜ್ಜಿ.”

“ನನ್ ಪದ್ದಲ್ಲಿ ಏಳೂರವೆ. ಇದ್ರಲ್ಲಿ ನಾಕೇ ಅವೆ. ಮೂರೂರು ಎಲ್ಗೋದೊ?”

ಅದು ತವರಿಗೆ ಹೊರಟ ಹೆಣ್ಣುಮಗಳ ಪದ. ದಾರಿಯಲ್ಲಿ ಸಿಗುವ ಊರುಗಳ ಹೆಸರನ್ನು ಒಂದೊಂದಾಗಿ ಹೇಳುತ್ತಾ, ಪ್ರತಿ ಊರಿನ ಬಾಗಿಲಲ್ಲೂ ಒಂದು ಕ್ಷಣ ನಿಂತು ಅವಳು ಮುಂದೆ ಹೋಗುತ್ತಾಳೆ. ತಮ್ಮ ತನಗೆ ತಿಳಿದಂತೆ ವಿವರಿಸಿದ: ಗಿಟಾರಿನ ಲೆಕ್ಕಕ್ಕೆ ನಾಲ್ಕು ಸಾಲು ಸರಿಹೋಗುತ್ತೆ, ಏಳು ಹಾಕಿದರೆ ಕೇಳುವವರಿಗೆ ಬೇಜಾರಾಗುತ್ತೆ. ಅಜ್ಜಿ ಅವನನ್ನು ಬೈಯಲಿಲ್ಲ. ನಿಜಕ್ಕೂ ಅರ್ಥವಾಗದವರ ಹಾಗೆ ಕೇಳಿದರು: “ಮೂರೂರು ಬುಟ್ಬುಟ್ರೆ ಆ ಹೆಣ್ಣು ತವ್ರಿಗೆ ಎಂಗ್ಲಾ ಓಗದು?”

ನಾನು ಬೇರೆಯದೇ ಪ್ರಶ್ನೆಗೆ ಕಾಯುತ್ತಿದ್ದೆ. ‘ನನ್ನ ಹೆಸರು ಯಾಕೆ ಹಾಕಿಲ್ಲ’ ಎಂದೋ, ‘ನಂಗೆಷ್ಟು ಕೊಡ್ತೀಯ’ ಎಂದೋ ಅವರು ಕೇಳುತ್ತಾರೆ ಅಂದುಕೊಂಡು, ಉತ್ತರವಿಲ್ಲದೆ ತಲೆ ತಗ್ಗಿಸಿಕೊಂಡಿದ್ದೆ. ಅವರು ಕೇಳಿದ್ದು ಊರುಗಳನ್ನು. ಆವತ್ತಿನಿಂದ ಆ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಒಬ್ಬರ ಬಾಯಿಂದ ಹಾಡನ್ನು ತೆಗೆದುಕೊಂಡವರು ಅವರಿಗೆ ಏನನ್ನು ಬಾಕಿ ಉಳಿಸಿಕೊಳ್ಳುತ್ತಾರೆ?

ನಮ್ಮೂರು ಬೂಕನಕೆರೆ. ಕೃಷ್ಣರಾಜಪೇಟೆ ತಾಲ್ಲೂಕಿನ ಒಂದು ಹೋಬಳಿ. ಊರಿನ ಹೆಸರು ಹೇಳಿದ ಕೂಡಲೇ ಹೊರಗಿನವರು ಯಡಿಯೂರಪ್ಪನವರ ಊರಲ್ಲವೇ ಎನ್ನುತ್ತಾರೆ, ಮಾತು ಅಲ್ಲಿಂದ ರಾಜಕೀಯಕ್ಕೆ ಹೋಗಿಬಿಡುತ್ತದೆ. ನನಗೆ ಊರು ಎಂದರೆ ಮೊದಲು ನೆನಪಾಗುವುದು ನಾಟಿ. ನಾಟಿ ಎಂಬ ಮಾತು ನಮ್ಮ ಕಡೆ ಎರಡು ಕೆಲಸ ಮಾಡುತ್ತದೆ. ಒಟ್ಲಿನಿಂದ ಪೈರು ಕಿತ್ತು ಗದ್ದೆಯಲ್ಲಿ ನೆಡುವುದೂ ನಾಟಿ. ನಾಟಿ ಕೋಳಿ, ನಾಟಿ ಔಷಧಿ ಎನ್ನುವಾಗ ಈ ನೆಲದ್ದು ಎಂಬುದಕ್ಕೂ ನಾಟಿ. ಅಮೆರಿಕದ ‘ಕಂಟ್ರಿ ಮ್ಯೂಸಿಕ್’ಗೆ ಕನ್ನಡದಲ್ಲಿ ಏನನ್ನಬೇಕು ಎಂದು ಒಮ್ಮೆ ಹಾಸ್ಟೆಲಿನಲ್ಲಿ ಚರ್ಚೆಯಾದಾಗ ನಾನು ‘ನಾಟಿ ಸಂಗೀತ’ ಅಂದಿದ್ದೆ. ಎಲ್ಲರೂ ನಕ್ಕರು. ಈಗ ಯೋಚಿಸಿದರೆ ಆ ಮಾತಿನ ಎರಡೂ ಅರ್ಥ ಆ ಸಂಗೀತಕ್ಕೆ ಹೊಂದುತ್ತದೆ. ಅದು ನೆಲದ ಸಂಗೀತ. ಒಂದು ಕಡೆಯಿಂದ ಕಿತ್ತು ಇನ್ನೊಂದು ಕಡೆ ನೆಟ್ಟ ಸಂಗೀತವೂ ಹೌದು.

ಅಜ್ಜಿ ಎದ್ದು ಹೋದ ಮೇಲೆ ತಮ್ಮನೂ ನಾನೂ ಜಗಳ ಆಡಿದೆವು. ಅವನ ವಾದ ಸರಳ: “ಜನಪದ ಎಲ್ಲರದ್ದೂ ಅಕ್ಕ. ರಘು ದೀಕ್ಷಿತ್ ಮಾಡ್ಲಿಲ್ವಾ? ಅವ್ರು ಹಾಡಿದ್ರೆ ಹೆಮ್ಮೆ, ನಾನು ಹಾಡಿದ್ರೆ ಕಳ್ಳತನನಾ?” ಉತ್ತರ ಕೊಡಬೇಕಾದರೆ ಆ ಉದಾಹರಣೆಯನ್ನು ಸರಿಯಾಗಿ ನೋಡಲೇಬೇಕು.

ಗಿಟಾರ್ ಹಿಡಿದು ಸ್ವಂತ ಹಾಡು ಕಟ್ಟಿ, ನೆಲದ ಮಟ್ಟುಗಳನ್ನು ದೊಡ್ಡ ವೇದಿಕೆಗೆ ಒಯ್ದ ಕನ್ನಡಿಗ ಯಾರು ಎಂದರೆ ನನ್ನ ತಲೆಮಾರಿನವರ ಬಾಯಿಗೆ ಮೊದಲು ಬರುವ ಹೆಸರು ರಘು ದೀಕ್ಷಿತ್. 1974ರಲ್ಲಿ ನಾಸಿಕ್‌ನಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದವರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಸೂಕ್ಷ್ಮಾಣುಜೀವಿಶಾಸ್ತ್ರ ಓದಿ ಚಿನ್ನದ ಪದಕ ಪಡೆದರು. ಭರತನಾಟ್ಯ ಕಲಿತವರು. ಗಿಟಾರನ್ನು ಹಿಡಿದದ್ದು ಕಾಲೇಜಿನಲ್ಲಿ, ಗೆಳೆಯನೊಬ್ಬನ ಸವಾಲಿಗೆ. ‘ಅಂತರಾಗ್ನಿ’ ಎಂಬ ತಂಡ ಕಟ್ಟಿದರು. ಬೆಲ್ಜಿಯಂನಲ್ಲಿ ವಿಜ್ಞಾನಿಯಾಗಿ ಕೆಲಸ ಮಾಡಿ, ಅದನ್ನು ಬಿಟ್ಟು ಬಂದು ಹಾಡಿನ ಹಿಂದೆ ಬಿದ್ದರು. ಹಲವು ವರ್ಷ ರೆಕಾರ್ಡ್ ಕಂಪನಿಗಳ ಬಾಗಿಲು ತಟ್ಟಿದ ಮೇಲೆ, ವಿಶಾಲ್–ಶೇಖರ್ ಜೋಡಿಯ ಬೆಂಬಲದಿಂದ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಅದೇ ವರ್ಷ ಬಂದ ‘ಸೈಕೋ’ ಸಿನಿಮಾದಲ್ಲಿ ಅವರು ಹಾಡಿದ ಮಾದೇಶ್ವರನ ಹಾಡು ನಮ್ಮ ಕಡೆಯ ಆಟೋ, ಟ್ರ್ಯಾಕ್ಟರುಗಳಲ್ಲೆಲ್ಲ ಮೊಳಗಿತು. ನಾನಾಗ ಹೈಸ್ಕೂಲೂ ಸೇರಿರಲಿಲ್ಲ. ನಮ್ಮೂರ ಗಣಪತಿ ಪೆಂಡಾಲಿನಲ್ಲಿ ಆ ಹಾಡಿಗೆ ಕುಣಿದ ನೆನಪಿದೆ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, ಮರುವರ್ಷ ಗ್ಲಾಸ್ಟನ್‌ಬರಿ ಉತ್ಸವ, ಅದೇ ವರ್ಷ ಬ್ರಿಟನ್ನಿನ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸಬರಿಗೆ ಕೊಡುವ ಪ್ರಶಸ್ತಿ. ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಕನ್ನಡ ಗೊತ್ತಿಲ್ಲದ ಜನರನ್ನು ಕನ್ನಡದಲ್ಲಿ ಕುಣಿಸಿದರು.

ಆ ಮೊದಲ ಆಲ್ಬಂನಲ್ಲಿ ಶಿಶುನಾಳ ಶರೀಫರ ಎರಡು ತತ್ವಪದಗಳಿವೆ: ಗುಡುಗುಡಿಯದು ಒಂದು, ಸೋರುವ ಮಾಳಿಗೆಯದು ಇನ್ನೊಂದು. ಇಲ್ಲಿ ನನ್ನ ಪ್ರಶ್ನೆ ಶುರುವಾಗುತ್ತದೆ. ಮೈಸೂರಿನ ಹುಡುಗ ಈ ಪದಗಳನ್ನು ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದ ಭಜನೆಯಲ್ಲಿ ಕೂತು ಕಲಿತವನಲ್ಲ. ಹಾಗಾದರೆ ಇವು ಅವನ ಕೈಗೆ ಬಂದದ್ದು ಹೇಗೆ? 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶರೀಫರು ಪುಸ್ತಕ ಮಾಡಿಟ್ಟು ಹೋಗಲಿಲ್ಲ. ಪದಗಳು ಭಜನೆಯವರ ಬಾಯಲ್ಲಿ ಉಳಿದವು. ಹಳೇ ಮೈಸೂರಿನ ಮನೆಮನೆಗೆ ಅವು ತಲುಪಿದ್ದು ಮುಖ್ಯವಾಗಿ ಸಿ. ಅಶ್ವತ್ಥರ ಕ್ಯಾಸೆಟ್ಟಿನಿಂದ, 1990ರಲ್ಲಿ ನಾಗಾಭರಣರು ಮಾಡಿದ ಸಿನಿಮಾದಿಂದ. ಅಶ್ವತ್ಥ್ ನಮ್ಮ ಪಕ್ಕದ ಚನ್ನರಾಯಪಟ್ಟಣದಲ್ಲಿ ಹುಟ್ಟಿದವರು, ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ಕೆಲಸ ಮಾಡಿಕೊಂಡೇ ಹಾಡು ಕಟ್ಟಿದವರು. ಧಾರವಾಡ ಸೀಮೆಯ ಪದಕ್ಕೆ ಹಾಸನ ಸೀಮೆಯ ಗಂಟಲು, ಆಮೇಲೆ ಅದಕ್ಕೆ ಮೈಸೂರಿನ ಗಿಟಾರು. ಪ್ರತಿ ಹೆಜ್ಜೆಯಲ್ಲೂ ಪದ ಬದಲಾಗಿದೆ. ಆದರೂ ಯಾರಿಗೂ ಇದು ಕಳ್ಳತನ ಅನಿಸುವುದಿಲ್ಲ, ನನಗೂ ಅನಿಸುವುದಿಲ್ಲ. ಯಾಕೆ?

ಅಂಕಿತ ಇರುವುದರಿಂದ ಎಂದು ನನಗೆ ತೋರುತ್ತದೆ. ಶರೀಫರ ಪದದ ಕೊನೆಗೆ ಶಿಶುನಾಳಾಧೀಶ ಬಂದೇ ಬರುತ್ತಾನೆ. ಅದು ಕವಿಯ ಹೆಸರಲ್ಲ, ದೇವರ ಹೆಸರು. ಆ ದೇವರ ಹೆಸರಿನೊಳಗೆ ಇರುವುದು ಊರು. ‘ಇದು ನನ್ನದು’ ಎಂದು ಶರೀಫರು ಹೇಳಲಿಲ್ಲ. ಎಲ್ಲಿಂದ ಬಂತು ಎಂಬುದನ್ನು ಮಾತ್ರ ಪದದ ಒಳಗೇ ಹೊಲಿದಿಟ್ಟರು. ಅದನ್ನು ಗ್ಲಾಸ್ಟನ್‌ಬರಿಯ ಕೆಸರಿನಲ್ಲಿ ಹಾಡಿದರೂ ಶಿಶುನಾಳ ಅಲ್ಲಿಗೆ ಹೋಗಲೇಬೇಕು. ಬಸವಣ್ಣನ ಕೂಡಲಸಂಗಮ, ಕನಕನ ಕಾಗಿನೆಲೆ ಎಲ್ಲವೂ ಮಾಡುವ ಕೆಲಸ ಇದೇ. ಒಡೆತನವನ್ನು ಬಿಟ್ಟುಕೊಟ್ಟೂ ವಿಳಾಸವನ್ನು ಉಳಿಸಿಕೊಳ್ಳುವ ಉಪಾಯ ನಮ್ಮ ಪರಂಪರೆಗೆ ಗೊತ್ತಿತ್ತು.

ನಾಟಿ ಹಾಕುವ ಹೆಂಗಸರ ಪದಕ್ಕೆ ಈ ರಕ್ಷೆ ಇಲ್ಲ. ಅದಕ್ಕೆ ಅಂಕಿತವಿಲ್ಲ. ಆದ್ದರಿಂದ ತಮ್ಮನ ‘ರಘು ದೀಕ್ಷಿತ್ ಮಾಡ್ಲಿಲ್ವಾ’ ಎಂಬ ವಾದ ಇಲ್ಲಿ ಅರ್ಧಕ್ಕೆ ನಿಲ್ಲುತ್ತದೆ. ಶರೀಫರ ಪದ ಹಾಡಿದವನು ಬೇಕೆಂದರೂ ಶರೀಫರನ್ನು ಮರೆಸಲಾರ. ನಮ್ಮ ಅಜ್ಜಿಯ ಪದ ಹಾಡಿದವನು ಮರೆಸಬೇಕೆಂದು ಬಯಸದಿದ್ದರೂ ಅಜ್ಜಿ ಮರೆಯಾಗುತ್ತಾಳೆ.

ಗಿಟಾರಿನ ಸಂಗೀತ ಹುಟ್ಟಿದ ಕಡೆ ಇದು ಇನ್ನೂ ಕಠೋರವಾಗಿ ನಡೆದಿದೆ. 1927ರ ಬೇಸಿಗೆಯಲ್ಲಿ ಅಮೆರಿಕದ ಟೆನೆಸಿ–ವರ್ಜೀನಿಯಾ ಗಡಿಯ ಬ್ರಿಸ್ಟಲ್ ಎಂಬ ಊರಿಗೆ ರಾಲ್ಫ್ ಪಿಯರ್ ಎಂಬಾತ ವಿಕ್ಟರ್ ಕಂಪನಿಯ ಪರವಾಗಿ ಧ್ವನಿಮುದ್ರಣದ ಯಂತ್ರ ತೆಗೆದುಕೊಂಡು ಬಂದ. ಬೆಟ್ಟದ ಸೀಮೆಯಿಂದ ಹಾಡಲು ಬಂದವರಲ್ಲಿ ಎ.ಪಿ. ಕಾರ್ಟರ್, ಅವನ ಹೆಂಡತಿ ಸಾರಾ, ನಾದಿನಿ ಮೇಬೆಲ್ ಇದ್ದರು. ಕಂಟ್ರಿ ಸಂಗೀತದ ಚರಿತ್ರೆ ಅಲ್ಲಿಂದ ಶುರುವಾಯಿತು ಎಂದು ಹೇಳುವವರಿದ್ದಾರೆ. ಹೊಸ ಹಾಡುಗಳು ಬೇಕಾದಾಗ ಕಾರ್ಟರ್ ಬೆಟ್ಟದ ಹಳ್ಳಿಗಳನ್ನು ಸುತ್ತಿ ಹಾಡು ಸಂಗ್ರಹಿಸಿದ. ಅವನ ಜೊತೆಗೆ ಹೋಗುತ್ತಿದ್ದವನು ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರ್ ವಾದಕ. ಸಿಮೆಂಟ್ ಕಾರ್ಖಾನೆಯ ಅಪಘಾತದಲ್ಲಿ ಒಂದು ಕಾಲು ಕಳೆದುಕೊಂಡಿದ್ದವನು. ಕಾರ್ಟರ್ ಮಾತುಗಳನ್ನು ಬರೆದುಕೊಳ್ಳುತ್ತಿದ್ದ, ರಿಡಲ್ ಮಟ್ಟನ್ನು ನೆನಪಿನಲ್ಲಿ ಹೊತ್ತು ತರುತ್ತಿದ್ದ. ತಟ್ಟೆಗಳ ಮೇಲೆ ಬಂದದ್ದು ಕಾರ್ಟರ್ ಹೆಸರು. ಧ್ವನಿಮುದ್ರಿಕೆಯ ವ್ಯಾಪಾರಕ್ಕೆ ಒಬ್ಬ ಕರ್ತೃ ಬೇಕಿತ್ತು, ಹಕ್ಕು ನೋಂದಾಯಿಸಲು ಒಂದು ಹೆಸರು ಬೇಕಿತ್ತು. ಹಾಡು ಹೇಳಿಕೊಟ್ಟ ಮುದುಕಿಯರಿಗೂ ರಿಡಲ್‌ಗೂ ಆ ಕಾಗದದಲ್ಲಿ ಜಾಗವಿರಲಿಲ್ಲ. 1960ರ ದಶಕದಲ್ಲಿ ಮೈಕ್ ಸೀಗರ್ ಎಂಬ ಗಾಯಕ ಹುಡುಕಿಕೊಂಡು ಹೋಗಿ ಧ್ವನಿಮುದ್ರಿಸುವವರೆಗೆ ರಿಡಲ್ ಯಾರೆಂದು ಹೊರಗಿನವರಿಗೆ ಗೊತ್ತೇ ಇರಲಿಲ್ಲ.

ಹ್ಯಾಂಕ್ ವಿಲಿಯಮ್ಸ್‌ನದು ಸ್ವಲ್ಪ ಬೇರೆ ಕಥೆ. 29ನೇ ವಯಸ್ಸಿಗೆ, 1953ರ ಹೊಸವರ್ಷದ ದಿನ ಸತ್ತ ಆ ಮಹಾ ಹಾಡುಗಾರ ತನಗೆ ಗಿಟಾರ್ ಕಲಿಸಿದವನು ಅಲಬಾಮಾದ ಬೀದಿ ಹಾಡುಗಾರ ರೂಫಸ್ ಪೇನ್ ಎಂದು ಬಾಯಿಬಿಟ್ಟು ಹೇಳಿದ. ಆದರೆ ಪೇನ್ 1939ರಲ್ಲೇ ಬಡತನದಲ್ಲಿ ಸತ್ತಿದ್ದ. ಹೆಸರು ಹೇಳಿದ್ದು ಅವನ ಕಿವಿಗೆ ಬೀಳಲಿಲ್ಲ, ಹೊಟ್ಟೆಗೂ ಬೀಳಲಿಲ್ಲ. ಹಾಗೆಂದು ಹೇಳಿದ್ದು ವ್ಯರ್ಥವೇ? ಅಲ್ಲ. ಅದೊಂದು ಮಾತಿಲ್ಲದಿದ್ದರೆ ಇವತ್ತು ಇಷ್ಟು ದೂರದಲ್ಲಿ ಕುಳಿತು ನಾನು ಪೇನ್ ಹೆಸರನ್ನು ಬರೆಯುತ್ತಿರಲಿಲ್ಲ. ಋಣ ತೀರುವುದು ಬೇರೆ, ಋಣ ಇದೆ ಎಂದು ಒಪ್ಪಿಕೊಳ್ಳುವುದು ಬೇರೆ. ಎರಡನೆಯದು ಮೊದಲನೆಯದಕ್ಕೆ ಬದಲಿಯಲ್ಲ, ಆದರೆ ಅದಿಲ್ಲದೆ ಮೊದಲನೆಯದಕ್ಕೆ ದಾರಿಯೇ ಇಲ್ಲ.

‘ಜನಪದ ಎಲ್ಲರದು’ ಎಂಬ ಮಾತಿಗೆ ಬರೋಣ. ಅದು ಸುಳ್ಳಲ್ಲ. ಆದರೆ ‘ಎಲ್ಲರದು’ ಎಂಬುದು ಬಳಕೆಯಲ್ಲಿ ಬೇಗ ‘ಯಾರದೂ ಅಲ್ಲ’ ಆಗಿಬಿಡುತ್ತದೆ. ‘ಯಾರದೂ ಅಲ್ಲ’ ಎಂಬುದು ಕೊನೆಗೆ ‘ಮೊದಲು ಕೈ ಹಾಕಿದವನದು’ ಆಗುತ್ತದೆ. ನಮ್ಮೂರಿನ ಹೆಸರಿನಲ್ಲೇ ಕೆರೆ ಇದೆ. ಊರ ಕೆರೆ ಎಲ್ಲರದು ಎಂದು ಯಾರಾದರೂ ಮಧ್ಯರಾತ್ರಿ ಹೋಗಿ ತೂಬು ಎತ್ತುವಂತಿರಲಿಲ್ಲ. ನೀರು ಬಿಡಲು ನೀರುಗಂಟಿ ಇರುತ್ತಿದ್ದ, ಯಾವ ಬಯಲಿಗೆ ಮೊದಲು ಯಾವುದಕ್ಕೆ ಆಮೇಲೆ ಎಂಬ ಸರದಿ ಇರುತ್ತಿತ್ತು, ನೀರು ಉಂಡವರು ಹೂಳೆತ್ತಲು ಬರಬೇಕಿತ್ತು. ಎಲ್ಲರದು ಎನ್ನುವುದರಲ್ಲಿ ಹಕ್ಕಿಗಿಂತ ಕಟ್ಟಲೆಯೇ ಹೆಚ್ಚು. ಹಾಡಿಗೂ ಹಾಗೇ ಇತ್ತು. ಮಾದೇಶ್ವರನ ಕಾವ್ಯ ಹಾಡುವ ದೇವರಗುಡ್ಡರು ದೀಕ್ಷೆ ಪಡೆದ ಮೇಲೆಯೇ ಕಂಸಾಳೆ ಹಿಡಿಯುತ್ತಾರೆ. ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರಿಗೂ ದೀಕ್ಷೆ ಇದೆ. ಯಾರು ಬೇಕಾದರೂ ಹೇಗೆ ಬೇಕಾದರೂ ಹಾಡಬಹುದಾದದ್ದು ಜನಪದ ಎಂಬ ಕಲ್ಪನೆ ಪೇಟೆಯವರದು, ವಿಶೇಷವಾಗಿ ನನ್ನಂಥ ಓದಿದವರದು. ಈ ದೀಕ್ಷೆ, ಕಟ್ಟಲೆಗಳಲ್ಲಿ ಜಾತಿಯ ಗೋಡೆಗಳೂ ಇದ್ದವು ಎಂಬುದನ್ನು ನಾನು ಮರೆತಿಲ್ಲ. ಹಳೆಯ ಕಟ್ಟಲೆಗಳು ಹಾಗೇ ವಾಪಸ್ ಬರಲಿ ಎಂದೂ ಹೇಳುತ್ತಿಲ್ಲ. ಕಟ್ಟಲೆಯೇ ಇರಲಿಲ್ಲ ಎಂಬುದು ಸುಳ್ಳು ಎಂದಷ್ಟೇ ನನ್ನ ಮಾತು.

ಕಾನೂನು ಏನು ಹೇಳುತ್ತದೆ ಎಂದು ಹುಡುಕಿದೆ. ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದು. ಕರ್ತೃ ಸತ್ತ ಮೇಲೆ 60 ವರ್ಷದವರೆಗೆ ಕೃತಿಗೆ ರಕ್ಷಣೆ. ಕರ್ತೃವೇ ಗೊತ್ತಿಲ್ಲದ, ಎಷ್ಟು ಹಳೆಯದೆಂದೂ ಗೊತ್ತಿಲ್ಲದ ನಾಟಿ ಪದಕ್ಕೆ ಇದರಿಂದ ಉಪಯೋಗವಿಲ್ಲ. ಧ್ವನಿಮುದ್ರಣಕ್ಕೆ ಮಾತ್ರ ಪ್ರತ್ಯೇಕ ಹಕ್ಕಿದೆ. ಆ ಹಕ್ಕು ಸಾಮಾನ್ಯವಾಗಿ ಮುದ್ರಣಕ್ಕೆ ಮುಂದಾಗಿ ಹೊಣೆ ಹೊತ್ತವರದು. ಎಂದರೆ ಆ ಮಧ್ಯಾಹ್ನ ಫೋನ್ ಹಿಡಿದು ಕುಳಿತ ನನ್ನದು. ಅಜ್ಜಿಯ ಗಂಟಲಿನಿಂದ ಬಂದದ್ದಕ್ಕೆ ನಾನು ಒಡತಿ! ಓದಿ ನಾಚಿಕೆಯಾಯಿತು. ಆದರೆ ಅದೇ ಕಾಯ್ದೆಯಲ್ಲಿ ಇನ್ನೊಂದು ಮೂಲೆ ಇದೆ. 1994ರ ತಿದ್ದುಪಡಿ ಹಾಡುವವರ, ಆಡುವವರ ಹಕ್ಕನ್ನು ಮೊದಲ ಬಾರಿಗೆ ಗುರುತಿಸಿತು. 2012ರ ತಿದ್ದುಪಡಿ ಅವರಿಗೆ ನೈತಿಕ ಹಕ್ಕನ್ನೂ ಕೊಟ್ಟಿತು. ಪ್ರದರ್ಶನ ನೀಡಿದವರು ತಾವೇ ಎಂದು ಗುರುತಿಸಿಕೊಳ್ಳುವ ಹಕ್ಕು ಅದು. ಬಳಕೆಯ ರೀತಿಯೇ ಹೆಸರನ್ನು ಬಿಡುವಂತೆ ಮಾಡಿದಾಗ ಮಾತ್ರ ಅದಕ್ಕೆ ವಿನಾಯಿತಿ. ಪದ ಯಾರದೆಂದು ಕಾನೂನಿಗೆ ಗೊತ್ತಿಲ್ಲದಿದ್ದರೂ ಹಾಡಿದ್ದು ಯಾರು ಎಂಬುದು ಮುಖ್ಯವೆಂದು ಅದೂ ಒಪ್ಪುತ್ತದೆ.

ಈ ಹೆಸರಿನ ಲೆಕ್ಕಕ್ಕೆ ನಮ್ಮ ಸೀಮೆಯಲ್ಲೇ ಎರಡು ಉದಾಹರಣೆಗಳಿವೆ. ನಮ್ಮದೇ ತಾಲ್ಲೂಕಿನ ಕಿಕ್ಕೇರಿಯಲ್ಲಿ 1915ರ ಜನವರಿ 26ರಂದು ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದರು. 16 ದಿನ ಬಿಟ್ಟು, ಫೆಬ್ರುವರಿ 11ರಂದು, ಪಕ್ಕದ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ ಎಚ್.ಎಲ್. ನಾಗೇಗೌಡರು ಹುಟ್ಟಿದರು. ಒಬ್ಬರು ಹಾಡು ಬರೆದರು, ಇನ್ನೊಬ್ಬರು ಹಾಡು ಕೂಡಿಟ್ಟರು.

‘ಮೈಸೂರು ಮಲ್ಲಿಗೆ’ ಬಂದದ್ದು 1942ರಲ್ಲಿ. ಗಂಡ ಹೆಂಡಿರ ಒಲವು, ಅತ್ತೆಯ ಮನೆ, ತವರು. ಇವೇ ವಸ್ತುಗಳು ಈ ಸೀಮೆಯ ಹೆಂಗಸರ ಪದಗಳಲ್ಲೂ ಇವೆ. ಆದರೆ ಸುಗಮ ಸಂಗೀತದ ಯಾವ ಕಾರ್ಯಕ್ರಮಕ್ಕೆ ಹೋದರೂ ನಿರೂಪಕರು ಮೊದಲು ಹೇಳುವುದು ‘ರಚನೆ: ಕೆ.ಎಸ್. ನರಸಿಂಹಸ್ವಾಮಿ’. ಆಮೇಲೆ ರಾಗಸಂಯೋಜನೆ ಯಾರದು, ಹಾಡುವವರು ಯಾರು. ಇದೊಂದು ಒಳ್ಳೆಯ ಸಂಪ್ರದಾಯ. ಕವಿಯ ಹೆಸರು ಹೇಳದೆ ಭಾವಗೀತೆ ಹಾಡಿದರೆ ಸಭೆಯೇ ಸಹಿಸುವುದಿಲ್ಲ. ಅದೇ ವೇದಿಕೆಯಲ್ಲಿ ಮುಂದಿನ ಹಾಡು ಹೆಂಗಸರ ಪದವಾದರೆ ‘ರಚನೆ: ಜನಪದ’. ರೇಡಿಯೋದಲ್ಲಿ ಚಿಕ್ಕಂದಿನಿಂದ ಇದನ್ನು ಕೇಳಿ ಕೇಳಿ, ಜನಪದ ಎಂಬುದು ಒಬ್ಬ ಕವಿಯ ಹೆಸರು ಎಂದೇ ನಾನು ಬಹಳ ದಿನ ತಿಳಿದಿದ್ದೆ. ಅಷ್ಟೊಂದು ಬರೆದಿದ್ದಾನಲ್ಲ ಮಹಾರಾಯ, ಎಲ್ಲಿಯವನೋ ಅಂದುಕೊಳ್ಳುತ್ತಿದ್ದೆ.

ನಾಗೇಗೌಡರು ಐಎಎಸ್ ಅಧಿಕಾರಿಯಾಗಿದ್ದವರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು. ರಾಮನಗರದ ಬಳಿ, ಮೈಸೂರು ರಸ್ತೆಯ ಪಕ್ಕದಲ್ಲಿ ಜಾನಪದ ಲೋಕ ಕಟ್ಟಿದರು. ನನ್ನಂಥ ವಿದ್ಯಾರ್ಥಿಗಳಿಗೆಲ್ಲ ಅದು ಯಾತ್ರಾಸ್ಥಳ. ಅವರ ಕೆಲಸಗಳಲ್ಲಿ ನನ್ನನ್ನು ಈಗ ತಡೆದು ನಿಲ್ಲಿಸುವುದು ಒಂದು ಪುಸ್ತಕದ ಹೆಸರು: ‘ಸೋಬಾನೆ ಚಿಕ್ಕಮ್ಮನ ಪದಗಳು’. ಸಂಗ್ರಹಕಾರರು ಪುಸ್ತಕಕ್ಕೆ ‘ಮಂಡ್ಯ ಜಿಲ್ಲೆಯ ಜನಪದ ಗೀತೆಗಳು’ ಎಂದೋ, ‘ಸೋಬಾನೆ ಸಂಪುಟ’ ಎಂದೋ ಹೆಸರಿಟ್ಟಿದ್ದರೆ ಯಾರೂ ತಪ್ಪು ಹಿಡಿಯುತ್ತಿರಲಿಲ್ಲ. ಅವರು ಚಿಕ್ಕಮ್ಮ ಎಂದರು. ಆ ಪದಗಳನ್ನೆಲ್ಲ ಚಿಕ್ಕಮ್ಮ ಒಬ್ಬಳೇ ಕಟ್ಟಿದಳು ಎಂದು ಇದರ ಅರ್ಥವಲ್ಲ. ಅವು ಇವಳ ಬಾಯಿಂದ ನಮಗೆ ಬಂದವು ಎಂದು ಅರ್ಥ. ಕರ್ತೃ ಯಾರೆಂದು ಗೊತ್ತಿಲ್ಲ ಎಂಬುದನ್ನು ನೆಪ ಮಾಡಿಕೊಂಡು, ಗೊತ್ತಿರುವ ಹೆಸರನ್ನೂ ಬಿಟ್ಟುಬಿಡುವ ನಮ್ಮ ಚಾಳಿಗೆ ಆ ಶೀರ್ಷಿಕೆ ಒಂದು ಉತ್ತರ.

ಈಗ ನನ್ನ ವಿಷಯ. ನನ್ನ ಪ್ರಬಂಧದ ಅನುಬಂಧದಲ್ಲಿ ಅಜ್ಜಿಯ ಹೆಸರು ‘ವಕ್ತೃ–7’. ವಯಸ್ಸು, ಊರು, ಕಸುಬು, ದಾಖಲಿಸಿದ ದಿನಾಂಕ ಎಲ್ಲ ಇದೆ. ಹೆಸರಿಲ್ಲ. ಕ್ಷೇತ್ರಕಾರ್ಯಕ್ಕೆ ಮೊದಲು ತುಂಬಿದ ನಮೂನೆಯಲ್ಲಿ ಮಾಹಿತಿ ಕೊಟ್ಟವರ ಗುರುತನ್ನು ಗುಟ್ಟಾಗಿಡುತ್ತೇನೆ ಎಂದು ಸಹಿ ಮಾಡಿದ್ದೆ. ನಿಯಮ ಒಳ್ಳೆಯ ಉದ್ದೇಶದ್ದು. ಖಾಯಿಲೆಯ ಬಗ್ಗೆ, ಮನೆಯ ಹಿಂಸೆಯ ಬಗ್ಗೆ ಮಾತಾಡಿದವರಿಗೆ ಅದೇ ರಕ್ಷೆ. ಆದರೆ ಹಾಡಿದವರಿಗೆ? ಅವರಿಂದ ಏನನ್ನು ರಕ್ಷಿಸಲು ನಾನು ಅವರ ಹೆಸರನ್ನು ಅಳಿಸಿದೆ? ನಾನು ಕೇಳಲೂ ಇಲ್ಲ. ಕೇಳಿದರೆ ಇನ್ನೊಂದು ನಮೂನೆ, ಇನ್ನೊಂದು ಸಹಿ, ಇನ್ನೊಂದು ಓಡಾಟ. ಅನಾಮಧೇಯತೆ ನನಗೆ ಅನುಕೂಲವಾಗಿತ್ತು, ಅದನ್ನು ನೀತಿ ಎಂದು ಕರೆದುಕೊಂಡೆ. ತಮ್ಮ ಮೂರು ಊರು ಬಿಟ್ಟ. ನಾನು ಹಾಡಿದವಳನ್ನೇ ಬಿಟ್ಟೆ. ಅವನಿಗೆ ಸಾವಿರಾರು ಜನರ ಮೆಚ್ಚುಗೆ ಸಿಕ್ಕಿದರೆ ನನಗೆ ಡಾಕ್ಟರೇಟ್ ಸಿಗಲಿದೆ. ಅಜ್ಜಿಗೆ ಆ ಮಧ್ಯಾಹ್ನ ನಾನು ಕೊಟ್ಟದ್ದು ಒಂದು ಲೋಟ ಕಾಫಿ, ಎಲೆ ಅಡಿಕೆ. ನಮ್ಮ ಗದ್ದೆಯಲ್ಲಿ ಅವರಿಗೆ ಕೊಡುತ್ತಿದ್ದ ಕೂಲಿಯೂ ನಾಟಿಗೆ ಮಾತ್ರ. ಪದಕ್ಕೆಂದು ನಮ್ಮ ಮನೆಯವರು ಯಾವತ್ತೂ ಏನೂ ಕೊಟ್ಟದ್ದಿಲ್ಲ, ಕೊಡಬೇಕು ಎಂಬ ಯೋಚನೆಯೂ ಬಂದದ್ದಿಲ್ಲ.

ಹಬ್ಬ ಕಳೆದು ಎರಡು ವಾರಕ್ಕೆ ಮತ್ತೆ ಊರಿಗೆ ಹೋದೆ. ಅಜ್ಜಿ ಹಿತ್ತಿಲಲ್ಲಿ ಅವರೆಕಾಳು ಹಸನು ಮಾಡುತ್ತಿದ್ದರು. ಎದುರಿಗೆ ಕೂತು ಕೇಳಿದೆ: “ಅಜ್ಜಿ, ನಾನು ಬರೀತಿರೋ ಪುಸ್ತಕದಲ್ಲಿ ನಿನ್ ಹೆಸರು ಹಾಕ್ಲಾ?”

“ಯಾಕವ್ವ, ಏನ್ಮಾಡೀನಿ ನಾನು?” ಎಂದು ನಕ್ಕರು. ಸ್ವಲ್ಪ ಹೊತ್ತು ಬಿಟ್ಟು, “ಹಾಕಂಗಿದ್ರೆ ನಮ್ಮತ್ತೆ ಹೆಸ್ರೂ ಹಾಕು. ನಾನ್ ಕಲ್ತಿದ್ದು ಅವರ್ತಾವ. ಅವರು ಯಾರ್ತಾವ ಕಲ್ತ್ರೋ ಕಾಣೆ” ಎಂದರು.

ಊರುಗಳ ಬಗ್ಗೆ ಕೇಳಿದೆ. ಅಲ್ಲಿ ನನಗೆ ಅಚ್ಚರಿ ಕಾದಿತ್ತು. ಅತ್ತೆ ಹಾಡುತ್ತಿದ್ದಾಗ ಇದ್ದ ಊರುಗಳೇ ಬೇರೆಯಂತೆ. ಅತ್ತೆಯ ತವರು ಒಂದು ದಿಕ್ಕು, ಇವರ ತವರು ಇನ್ನೊಂದು ದಿಕ್ಕು. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆಯ ದಾರಿಯನ್ನೇ ಹಾಡುತ್ತಿದ್ದ ಇವರು, ಒಂದು ವರ್ಷ ನಾಟಿಯಲ್ಲಿ ತವರಿನ ನೆನಪು ಉಕ್ಕಿ ಬಂದು ತಮ್ಮ ದಾರಿಯ ಊರುಗಳನ್ನು ಹಾಕಿ ಹಾಡಿದರಂತೆ. ಅತ್ತೆ ಏನಂದರು ಎಂದೆ. “ಅವರೇನಂದಾರು? ಅವರವರ ತವ್ರಿಗೆ ಅವರವರ ದಾರಿ ಕಣವ್ವ.”

ಇದು ನನ್ನ ವಾದವನ್ನೇ ಅಲುಗಾಡಿಸಿತು. ಅಜ್ಜಿಯೇ ಪದವನ್ನು ಬದಲಿಸಿದ್ದಾರೆ. ಹಾಗಿದ್ದ ಮೇಲೆ ತಮ್ಮ ಬದಲಿಸಿದ್ದು ಯಾಕೆ ತಪ್ಪು? ಬದಲಾಗದ ಪದ ಒಟ್ಲಿನಲ್ಲೇ ಉಳಿದ ಪೈರಿನ ಹಾಗೆ, ಕಿತ್ತು ಬೇರೆ ಕಡೆ ನೆಡದಿದ್ದರೆ ಚೆನ್ನಾಗಿ ಕಾಳು ಕಟ್ಟುವುದಿಲ್ಲ. ಅಜ್ಜಿಗೂ ತಮ್ಮನಿಗೂ ಇರುವ ವ್ಯತ್ಯಾಸ ಏನು ಎಂದು ಬಸ್ಸಿನಲ್ಲಿ ವಾಪಸ್ ಬರುವಾಗಲೆಲ್ಲ ಯೋಚಿಸಿದೆ. ನನಗೆ ತೋಚಿದ್ದು ಇಷ್ಟು. ಅಜ್ಜಿ ಊರುಗಳನ್ನು ಬದಲಿಸಿದರು, ದಾರಿಯನ್ನು ಮುರಿಯಲಿಲ್ಲ. ಆ ಪದದ ಪ್ರಾಣ ಇರುವುದು ದಾರಿ ಪೂರ್ತಿಯಾಗುವುದರಲ್ಲಿ. ಹೆಣ್ಣು ತವರು ಮುಟ್ಟಬೇಕು. ತನ್ನ ದಾರಿ ಬೇರೆ ಎಂಬುದು ಬದಲಿಸಲು ಅಜ್ಜಿಗಿದ್ದ ಕಾರಣ. ಕೇಳುವವರಿಗೆ ಪುರುಸೊತ್ತಿಲ್ಲ ಎಂಬುದು ತಮ್ಮನ ಕಾರಣ. ಒಂದು ಬದಲಾವಣೆ ಪದದ ಒಳಗಿನಿಂದ ಬಂತು, ಇನ್ನೊಂದು ಹೊರಗಿನಿಂದ. ಅಜ್ಜಿ ಬದಲಿಸಿದ್ದು ಅತ್ತೆಯ ಎದುರಿಗೇ, ಅವರು ಕೇಳಿಸಿಕೊಂಡು ಒಪ್ಪುವ ಅಥವಾ ಗದರುವ ಅವಕಾಶವಿದ್ದಾಗ. ತಮ್ಮ ಬದಲಿಸಿದ್ದು ಅಜ್ಜಿಗೆ ಗೊತ್ತಾದದ್ದು ಸಾವಿರಾರು ಜನ ಕೇಳಿ ಆದ ಮೇಲೆ.

ಈ ಅಳತೆಗೋಲು ಎಲ್ಲ ಕಡೆಗೂ ಸರಿಹೋಗುತ್ತದೆ ಎಂದು ನನಗೆ ಧೈರ್ಯವಿಲ್ಲ. ಗಿಟಾರಿಗೂ ಅದರದೇ ನ್ಯಾಯವಿದೆ. ಒಂದು ಮಟ್ಟು ಇಷ್ಟಕ್ಕೆ ನಿಲ್ಲಬೇಕು ಎಂದು ಹಾಡುಗಾರನ ಕಿವಿ ಹೇಳಿದರೆ ಅದು ಬರೀ ವ್ಯಾಪಾರ ಎಂದು ತಳ್ಳಿಹಾಕಲಾರೆ. ಅಶ್ವತ್ಥರೂ ಶರೀಫರ ಪದಗಳಲ್ಲಿ ನುಡಿಗಳನ್ನು ಆರಿಸಿಕೊಂಡೇ ಹಾಡಿದ್ದು. ಎಲ್ಲವನ್ನೂ ಪೂರ್ತಿ ಹಾಡಬೇಕು ಎಂಬ ಹಟದಿಂದ ಪದಗಳು ಸಂಗ್ರಹಾಲಯದ ಗಾಜಿನ ಹಿಂದೆ ಹೋಗಿ ಕೂರುತ್ತವೆ. ನಾನು ಕೇಳುವುದು ಕಡಿಮೆ. ಪದ ಯಾವ ದಾರಿಯಲ್ಲಿ ನಮ್ಮ ತನಕ ಬಂತೋ ಆ ದಾರಿ ಮುಚ್ಚಿಹೋಗಬಾರದು. ಕೇಳಿದವರು ಬೇಕೆಂದರೆ ಅದರಲ್ಲಿ ಹಿಂದಕ್ಕೆ ನಡೆದು ಮೂಲ ಊರನ್ನು, ಮೂಲ ಬಾಯನ್ನು ಮುಟ್ಟುವಂತಿರಬೇಕು. ಹಣ ಬಂದರೆ ಅದೂ ಆ ದಾರಿಯಲ್ಲೇ ಸ್ವಲ್ಪ ಹಿಂದಕ್ಕೆ ಹೋಗಬೇಕು. ಹೆಸರು ಹೇಳುವುದು, ಒಮ್ಮೆ ಅವರೆದುರು ಹಾಡಿ ತೋರಿಸುವುದು, ನಾನು ಹಾಡಿದೆನೆಂದು ಬೇರೆಯವರಿಗೆ ಬೇಲಿ ಹಾಕದಿರುವುದು, ಎಲ್ಲವೂ ಈ ಒಂದೇ ಕೆಲಸದ ಬೇರೆ ಬೇರೆ ರೂಪ. ಅಂಕಿತ ಮಾಡುತ್ತಿದ್ದದ್ದೂ ಇದನ್ನೇ. ಅಂಕಿತವಿಲ್ಲದ ಪದಗಳಿಗೆ ತೆಗೆದುಕೊಂಡವರೇ ಅಂಕಿತವಾಗಬೇಕು.

ತಮ್ಮ ವಿಡಿಯೋವನ್ನು ತೆಗೆದಿಲ್ಲ. ತೆಗೆ ಎಂದು ನಾನೂ ಹೇಳಲಿಲ್ಲ. ಏಳೂ ಊರನ್ನು ಕೂರಿಸಲು ಹೊಸದಾಗಿ ಕೂತಿದ್ದಾನೆ. ಏಳಕ್ಕೆ ತಾಳ ಬದಲಿಸಬೇಕಂತೆ, ಬದಲಿಸಿದರೆ ಪದವೇ ಬೇರೆ ಥರ, ಇನ್ನೂ ಚೆನ್ನಾಗಿ ಕೇಳಿಸುತ್ತಿದೆಯಂತೆ. ಮುಗಿದ ಮೇಲೆ ಮೊದಲು ಅಜ್ಜಿಗೆ ಕೇಳಿಸುತ್ತೇನೆ ಎಂದಿದ್ದಾನೆ. ನಾನು ಅನುಬಂಧವನ್ನು ತಿದ್ದಲು ಅನುಮತಿ ಕೇಳಿ ಅರ್ಜಿ ಹಾಕಿದ್ದೇನೆ. ವಕ್ತೃ–7ರ ಜಾಗದಲ್ಲಿ ಇಬ್ಬರು ಹೆಂಗಸರ ಹೆಸರು ಬರಬೇಕು, ಅತ್ತೆಯದು ಮೊದಲು, ಸೊಸೆಯದು ಆಮೇಲೆ.

ಇಷ್ಟೆಲ್ಲ ಬರೆದೂ ಈ ಲೇಖನದಲ್ಲಿ ಅಜ್ಜಿಯ ಹೆಸರಿಲ್ಲ ಎಂಬುದನ್ನು ನೀವು ಗಮನಿಸಿರಬಹುದು. ಅವರು ಹಾಕು ಎಂದದ್ದು ನನ್ನ ಪುಸ್ತಕಕ್ಕೆ. ಊರೂರಿಗೆ, ದೇಶದೇಶಕ್ಕೆ ಹೋಗುವ ಇಲ್ಲಿಗೆ ಹಾಕಬಹುದೇ ಎಂದು ನಾನಿನ್ನೂ ಕೇಳಿಲ್ಲ. ಕೇಳದೆ ಹಾಕಿದರೆ ಮತ್ತೆ ಅದೇ ತಪ್ಪು. ಮುಂದಿನ ತಿಂಗಳು ಊರಿಗೆ ಹೋಗುತ್ತೇನೆ.